ಬಾಗಿಲು ಹಾಕಿಕೊಂಡ ಶುಕ್ರವಾರಗಳು

ಆ ಚಳಿಗಾಲದಲ್ಲಿ ನಮ್ಮ ಇನ್ಸಾಫಕ್ಕ ಪ್ರತಿ ಶುಕ್ರವಾರ ಊರಿನ ಆ ತುದಿಯ ಶುಬ್ರಾದಿಂದ ಮೆಟ್ರೋ ಹತ್ತಿ ಈ ತುದಿಯ ಹೆಲ್ವಾನಿನ ನಮ್ಮ ಮನೆಗೆ ಬರತೊಡಗಿದಾಗ, ಇವಳು ಯಾರನ್ನೋ ಮದುವೆಯಾಗಲು ಹೊರಟಿದ್ದಾಳೆ ಎಂದೇ ನಾನು ಅಂದುಕೊಂಡೆ. ಭಾವ ಫಿಕ್ರಿ ತೀರಿಕೊಂಡಾಗಿನಿಂದ ಹಬ್ಬಕ್ಕೆ ಕರೆದರೂ ನೆಪ ಹೇಳುತ್ತಿದ್ದವಳು ಈಗ ಕರೆಯದೆ ಬರುತ್ತಿದ್ದಳು. ಹೆಣ್ಣುಮಕ್ಕಳ ಶಾಲೆಯಲ್ಲಿ ಅರಬ್ಬಿ ವ್ಯಾಕರಣ ಕಲಿಸುವ ಮೇಷ್ಟ್ರಮ್ಮ. ತಲೆವಸ್ತ್ರದ ಒಂದು ಮಡಿಕೆ ಅತ್ತಿತ್ತ ಆಗದ ಹೆಂಗಸು.

ಮೊದಲ ಸಲ ಬಂದಾಗ ಕೈಯಲ್ಲಿ ಭಾವನ ಹಳೆಯ ಪ್ರಯಾಣದ ಚೀಲವಿತ್ತು. ಎತ್ತಿಕೊಳ್ಳಲು ಹೋದರೆ ಇಟ್ಟಿಗೆ ತುಂಬಿದಷ್ಟು ಭಾರ.

"ಏನಕ್ಕ ಇದು?"

"ಹಳೇ ಪುಸ್ತಕ. ಹಿಂದಿನ ಕೋಣೆ ಮಂಚದ ಕೆಳಗೆ ಇಟ್ಕೊ. ಯಾರೂ ಮುಟ್ಟೋದು ಬೇಡ."

ಊಟವಾದ ಮೇಲೆ ಅದೇ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ಇಳಿಹೊತ್ತಿನ ಅಸರ್ ನಮಾಜಿನ ಕೂಗು ಕೇಳುವವರೆಗೆ ಹೊರಗೆ ಬರಲಿಲ್ಲ. ಬಂದಾಗ ಕೆನ್ನೆ ಕೆಂಪಗಿತ್ತು. ಮುಂದಿನ ವಾರವೂ ಹಾಗೆಯೇ.

ನನ್ನ ಗಂಡ ಮಹ್ರೂಸ್ ಹಲ್ಲಿನ ಸಂದಿಯ ಮೊಲೊಖಿಯಾ ಸೊಪ್ಪನ್ನು ಕಡ್ಡಿಯಿಂದ ತೆಗೆಯುತ್ತ ಅಂದ, "ಆ ಕೋಣೆ ಕಿಟಕಿ ದರ್ಜಿ ಅಂಗಡಿ ಕಡೆಗಿದೆ ಅಲ್ವಾ? ಅವನಿಗೂ ಹೆಂಡ್ತಿ ಇಲ್ಲ."

"ನಾಚಿಕೆ ಆಗಲ್ವಾ ನಿಮಗೆ?" ಎಂದೆ. ಆದರೆ ಅವನು ಮಲಗಿದ ಮೇಲೆ ಬಾಗಿಲಿಗೆ ಕಿವಿ ಇಟ್ಟವಳು ನಾನೇ. ಮಾತಿಲ್ಲ, ಉಸಿರಿಲ್ಲ. ಮಂಚ ಮಾತ್ರ ಒಂದೇ ತಾಳಕ್ಕೆ ಕಿರುಗುಟ್ಟುತ್ತಿತ್ತು. ಆ ಚಿಲಕ ಸಡಿಲವೆಂದು ನನಗೆ ಗೊತ್ತಿತ್ತು. ಭುಜ ಕೊಟ್ಟು ತಳ್ಳಿದೆ.

ಅಕ್ಕ ಒಬ್ಬಳೇ ಇದ್ದಳು. ತಲೆವಸ್ತ್ರ ಬಿಚ್ಚಿ, ತನ್ನ ಮಗ ಇಹಾಬನ ವಾಕ್‌ಮನ್ ಕಿವಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಮುಷ್ಟಿಯಿಂದ ಮೊಣಕಾಲು ಗುದ್ದುತ್ತ ತೂಗುತ್ತಿದ್ದಳು. ಹಾಸಿಗೆ ತುಂಬ ಕ್ಯಾಸೆಟ್ಟುಗಳು. ಒಂದರ ಮೇಲೆ ತಲೆಬುರುಡೆ, ಇನ್ನೊಂದರ ಮೇಲೆ ಬೆಂಕಿ ಹತ್ತಿದ ಚರ್ಚು.

ಆ ದಿನಗಳಲ್ಲಿ ಪೇಪರಿನ ತುಂಬ ಇದೇ ಸುದ್ದಿ. ಇಂಥ ಇಂಗ್ಲಿಷ್ ಕಿರುಚಾಟದ ಹಾಡು ಕೇಳುವ ಹುಡುಗರು ಸೈತಾನನ ಪೂಜೆ ಮಾಡುತ್ತಾರಂತೆ, ಸ್ಮಶಾನದಲ್ಲಿ ಕುಣಿಯುತ್ತಾರಂತೆ. ಪೊಲೀಸರು ಮನೆಮನೆಗೆ ನುಗ್ಗಿ ಹುಡುಗರನ್ನು ಎಳೆದೊಯ್ಯುತ್ತಿದ್ದರು. ನಾನು ಬಾಗಿಲು ಮುಚ್ಚಿ ಅದಕ್ಕೆ ಬೆನ್ನು ಕೊಟ್ಟು ಕೂತೆ.

"ಅಕ್ಕ, ನೀನೂನಾ?"

ಅವಳು ವಾಕ್‌ಮನ್ ನಿಲ್ಲಿಸಿ ಎಲ್ಲ ಹೇಳಿದಳು. ಕೆಳಗಿನ ಮನೆಯ ಉಮ್ಮ್ ಗಲಾಲ್ ಪೇಪರು ತಂದು ಮುಖಕ್ಕೆ ಹಿಡಿದು, "ನಿನ್ನ ಮಗನೂ ಕಪ್ಪಂಗಿ ಹಾಕ್ತಾನೆ, ನೋಡ್ಕೊ" ಎಂದಿದ್ದಳು. ಇಹಾಬ್ ಕಾಲೇಜಿಗೆ ಹೋದ ಮೇಲೆ ಅಕ್ಕ ಅವನ ಡ್ರಾಯರ್ ತೆಗೆದು, ಇಂಗ್ಲಿಷ್ ನಿಘಂಟು ಪಕ್ಕದಲ್ಲಿಟ್ಟುಕೊಂಡು, ಸೈತಾನನನ್ನು ಹುಡುಕಲು ಕೂತಳು.

"ಮೊದಲ ದಿನ, ಗಂಟಲಲ್ಲಿ ಮೂಳೆ ಸಿಕ್ಕವನು ಕಿರುಚ್ಕೊಂಡ ಹಾಗಿತ್ತು. ಸೈತಾನ ಎಲ್ಲಾದ್ರೂ ಕಣ್ತಪ್ಪಿ ಹೋದ್ನೇನೋ ಅಂತ ಮತ್ತೆ ಕೇಳಿದೆ. ಸಿಗಲಿಲ್ಲ. ಮಾರನೇ ದಿನ ಇನ್ನೊಂದು ಕ್ಯಾಸೆಟ್ ಹಾಕಿದೆ."

"ಆಮೇಲೆ?"

ಅವಳು ಬಿಚ್ಚಿಟ್ಟ ತಲೆವಸ್ತ್ರವನ್ನು ಎಳೆದುಕೊಂಡು ಮಡಿಲಲ್ಲಿ ಮಡಚಿದಳು. "ಸಮೀಹಾ, ನಿನ್ನ ಭಾವ ಹೋದಾಗ ನಾನು ಅಳಲಿಲ್ಲ, ನಿಂಗೆ ನೆನಪಿದೆಯಲ್ಲ? ಬಂದವರೆಲ್ಲ, ಮೇಷ್ಟ್ರಮ್ಮ ಎಷ್ಟು ಗಟ್ಟಿ ಅಂದ್ರು. ಆ ಹಾಡಿನಲ್ಲಿ ಅವನು ಕೂಗಿದ್ದು ಕೇಳಿ, ಅದು ನಾನು ಕೂಗಬೇಕಾಗಿದ್ದ ಕೂಗು ಅನ್ನಿಸ್ತು. ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು ಅತ್ತೆ. ಆಮೇಲೆ ದಿನಾ ಬೇಕಾಯ್ತು."

ಅವಳಿಗೆ ಈ ಗೀಳು ಹತ್ತುವಷ್ಟರಲ್ಲಿ ಇಹಾಬನ ಗೆಳೆಯ, ಅವರ ಎದುರು ಕಟ್ಟಡದ ಹಾತೆಮ್‌ನನ್ನು ಪೊಲೀಸರು ಹಿಡಿದಿದ್ದರು. ಅಕ್ಕ ಅದೇ ದಿನ ಕ್ಯಾಸೆಟ್ಟುಗಳನ್ನೆಲ್ಲ ಚೀಲಕ್ಕೆ ತುಂಬಿ, ಮೆಟ್ರೋ ಸ್ಟೇಷನ್ನಿನಲ್ಲಿ ಕಾವಲಿದ್ದ ಪೊಲೀಸರಿಗೆ ಸಲಾಂ ಹೇಳಿಕೊಂಡೇ ನಮ್ಮ ಮನೆಗೆ ತಂದಿದ್ದಳು. ಮಗನಿಗೆ, ಸುಟ್ಟುಹಾಕಿದೆ ಎಂದುಬಿಟ್ಟಳು. ಅವನು ಅವತ್ತಿನಿಂದ ಮಾತು ಬಿಟ್ಟಿದ್ದ.

"ಪಾಪ, ನಿಜ ಹೇಳಬಾರದಾ?"

"ಅವನ ಬಾಯಲ್ಲಿ ಏನು ನಿಲ್ಲುತ್ತೆ? ನಾಲ್ಕು ಜನಕ್ಕೆ ಹೇಳ್ತಾನೆ." ಆಮೇಲೆ ಮುಖ ತಿರುಗಿಸಿ, "ವಾಪಸ್ಸೂ ಕೇಳ್ತಾನೆ" ಎಂದಳು.

ಅದಷ್ಟೇ ಅಲ್ಲ, ಹಾಸಿಗೆಯ ಮೇಲಿದ್ದ ಎಲ್ಲವೂ ಇಹಾಬನದಾಗಿರಲಿಲ್ಲ. ಅಜ್ಬಕಿಯಾದ ಹಳೇ ಪುಸ್ತಕದ ಅಂಗಡಿಗಳ ಹಿಂದೆ ಒಬ್ಬ ಕದ್ದುಮುಚ್ಚಿ ಇವನ್ನು ಮಾರುತ್ತಿದ್ದ. ತಲೆವಸ್ತ್ರದ ಹೆಂಗಸು ಬಂದು ಕೇಳಿದ ಕೂಡಲೇ ಇವಳು ಪೊಲೀಸರ ಕಡೆಯವಳೆಂದು ತಿಳಿದು, ಹೋದಾಗಲೆಲ್ಲ ಕುರಾನ್ ಪಾರಾಯಣದ ಕ್ಯಾಸೆಟ್ ಕೊಟ್ಟು ಕಳಿಸುತ್ತಿದ್ದನಂತೆ. ಕೊನೆಗೆ ಅಕ್ಕ ಇಹಾಬನ ಒಂದು ಕ್ಯಾಸೆಟ್ ಒಯ್ದು ಅವನ ಮುಂದೆ ಕುಕ್ಕಿದಳು. "ಎರಡನೇ ಬದಿ ಅರ್ಧಕ್ಕೇ ನಿಂತುಹೋಗುತ್ತೆ. ಪೂರ್ತಿ ಇರೋದು ಕೊಡು. ಪೊಲೀಸರು ಬಂದು ಹೀಗೆ ದೂರ್ತಾರೇನಪ್ಪ?" ಅವತ್ತಿನಿಂದ ಅವನು ಅವಳಿಗಾಗಿ ತೆಗೆದಿಡತೊಡಗಿದ.

ನಾನು ಯಾರಿಗೂ ಹೇಳಲಿಲ್ಲ. ಮಹ್ರೂಸ್ ದರ್ಜಿಯನ್ನು ಗುರಾಯಿಸುತ್ತಲೇ ಇದ್ದ.

ರಮದಾನಿಗೆ ಮುಂಚಿನ ಶುಕ್ರವಾರ ಬಾಗಿಲು ದಡದಡ ಬಡಿದ ಸದ್ದಾಯಿತು. ಪೊಲೀಸರೇ ಎಂದುಕೊಂಡೆ. ತೆಗೆದರೆ ಇಹಾಬ್. ಅಮ್ಮನ ಹಿಂದೆಯೇ ಮೆಟ್ರೋದ ಬೇರೆ ಡಬ್ಬಿಯಲ್ಲಿ ಬಂದಿದ್ದ.

"ಯಾರು ಚಿಕ್ಕಮ್ಮ ಅವನು?"

"ಯಾರಪ್ಪ?"

"ಆಟ ಆಡ್ಬೇಡಿ. ಮನೇಲಿ ಒಬ್ಬಳೇ ಗುನುಗ್ತಾಳೆ. ಶುಕ್ರವಾರ ಬಂತು ಅಂದ್ರೆ ಬೆಳಗ್ಗೆಯಿಂದ ಗಡಿಯಾರ ನೋಡ್ತಾಳೆ."

ನಾನು ಅಡ್ಡ ನಿಲ್ಲುವಷ್ಟರಲ್ಲಿ ಅವನು ಹಿಂದಿನ ಕೋಣೆ ಸೇರಿದ್ದ. ಅಕ್ಕ ಕಣ್ಣು ತೆರೆದು ಮಗನನ್ನು ನೋಡಿದಳು. ವಾಕ್‌ಮನ್ ತೆಗೆಯಲಿಲ್ಲ. ಅವನು ಹಾಸಿಗೆಯ ಮೇಲೆ ಹರಡಿದ್ದನ್ನು ನೋಡಿದ.

"ಸುಟ್ಟೆ ಅಂದಿದ್ದೆ."

"ಅಂದಿದ್ದೆ."

ಒಂದನ್ನು ಎತ್ತಿ ತಿರುಗಿಸಿದ. "ಇದು ನನ್ನದಲ್ಲ."

"ನನ್ನದು. ಇಡು ಕೆಳಗೆ."

ಈಗ ನಗುತ್ತಾನೆ ಎಂದುಕೊಂಡೆ. ನಗಲಿಲ್ಲ. ಅವನ ಮುಖ ಇನ್ನಷ್ಟು ಬಿಗಿದುಕೊಂಡಿತು. "ಅಂದ್ರೆ ಮೊದಲಿನಿಂದ ನನ್ನ ಡ್ರಾಯರ್ ತಡಕ್ತಿದ್ದೆ. ಇವು ಹಾತೆಮ್‌ನಿಂದ ಬಂದವು ಅಂತಲೂ ನಿಂಗೆ ಗೊತ್ತಿತ್ತು. ಉಮ್ಮ್ ಗಲಾಲ್ ಜೊತೆ ಮೆಟ್ಟಿಲ ಮೇಲೆ ಪಿಸುಗುಟ್ಟಿದ್ದನ್ನ ನಾನು ನೋಡಿದೀನಿ. ಅವಳ ತಮ್ಮ ಠಾಣೆಯಲ್ಲಿ ಕೆಲಸಕ್ಕಿದ್ದಾನೆ. ಹಾತೆಮ್ ಹೆಸರು ಯಾರು ಕೊಟ್ಟಿದ್ದು?"

ಅಕ್ಕ ನಿಧಾನವಾಗಿ ವಾಕ್‌ಮನ್ ತೆಗೆದಳು. "ಅವಳು ಕೇಳಿದ್ದು ನಿಜ. ನಾನು ಹೇಳಲಿಲ್ಲ."

"ಹೇಗೆ ನಂಬಲಿ?"

"ನಂಬಬೇಡ."

ಅವನು ಚಹಾ ಕೂಡ ಕುಡಿಯದೆ ಹೊರಟುಹೋದ. ಅಕ್ಕ ಕ್ಯಾಸೆಟ್ಟುಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ಹಾಕಿದಳು. ನನಗೂ ಆ ರಾತ್ರಿ ನಿದ್ದೆ ಬರಲಿಲ್ಲ. ಸುಳ್ಳು ಹೇಳಿ ಮಗನನ್ನೇ ಅಷ್ಟು ದಿನ ನಂಬಿಸಿದವಳು ನನಗೆ ಪೂರ್ತಿ ನಿಜ ಹೇಳಿದ್ದಾಳೆಯೇ? ಅಕ್ಕನ ಮನೆಗೆ ಹೋದಾಗ ಕಂಡಿದ್ದ ಹಾತೆಮ್‌ನ ತಾಯಿಯ ಮುಖ ಕಣ್ಣ ಮುಂದೆ ಬಂದಾಗಲೆಲ್ಲ ಅಕ್ಕನ ಮುಖವನ್ನೂ ಅಳೆಯುತ್ತಿದ್ದೆ. ಇಡೀ ರಮದಾನ್ ಹಾಗೆಯೇ ಕಳೆಯಿತು. ಅವಳು ಬರುತ್ತಿದ್ದಳು, ಕೇಳುತ್ತಿದ್ದಳು, ಹೋಗುತ್ತಿದ್ದಳು. ನಮ್ಮಿಬ್ಬರ ನಡುವೆ ಮಾತು ಕಡಿಮೆಯಾಯಿತು.

ಹಬ್ಬದ ನಂತರ ಹಾತೆಮ್‌ನನ್ನು ಬಿಟ್ಟರು. ಬೋಳಿಸಿದ ತಲೆ, ಒಳಸೇರಿದ ಕಣ್ಣು. ಅಕ್ಕ ಒಂದು ಡಬ್ಬಿ ಕಾಹ್ಕ್ ಬಿಸ್ಕತ್ತು ಹಿಡಿದು ಅವನನ್ನು ನೋಡಲು ಹೋದಳು, ನಾನೂ ಜೊತೆಗಿದ್ದೆ. ಇಹಾಬ್ ಆಗಲೇ ಅಲ್ಲಿ ಕೂತಿದ್ದ. ಅಕ್ಕ ಸುತ್ತಿಬಳಸದೆ ಕೇಳಿದಳು, "ನಿನ್ನ ಹೆಸರು ಯಾರು ಹೇಳಿದ್ರು ಮಗಾ?"

"ಯಾರೂ ಇಲ್ಲ ಅಮ್ಮ. ಕಾಫಿ ಅಂಗಡೀಲಿ ಉದ್ದ ಕೂದಲಿದ್ದವರನ್ನೆಲ್ಲ ಒಟ್ಟಿಗೆ ವ್ಯಾನಿಗೆ ತುಂಬಿದ್ರು. ನನ್ನ ಹೆಸರು ಏನು ಅಂತ ಠಾಣೇಲೇ ಕೇಳಿದ್ದು."

ಇಹಾಬ್ ನೆಲ ನೋಡುತ್ತಿದ್ದ. ನಾನೂ ನೆಲ ನೋಡಿದೆ. ಅಕ್ಕ ಡಬ್ಬಿ ಮುಚ್ಚಳ ತೆಗೆದು, "ತಿನ್ನು" ಎಂದು ಮೊದಲ ಬಿಸ್ಕತ್ತನ್ನು ಮಗನ ಕೈಗೇ ಕೊಟ್ಟಳು. ಹಾತೆಮ್‌ನ ಕ್ಯಾಸೆಟ್ಟುಗಳನ್ನೆಲ್ಲ ಅವನ ತಾಯಿ ಹೆದರಿ ನೈಲ್ ನದಿಗೆ ಎಸೆದಿದ್ದಳಂತೆ. ಮುಂದಿನ ಶುಕ್ರವಾರ ತಾಯಿ ಮಗ ಇಬ್ಬರೂ ಒಟ್ಟಿಗೆ ಬಂದು ಅವನಿಗಾಗಿ ಒಂದೊಂದನ್ನೇ ನಕಲು ಮಾಡಲು ಕೂತರು. ಮಹ್ರೂಸ್‌ಗೆ ಕೊನೆಗೂ ವಿಷಯ ಗೊತ್ತಾಗಿ, ದರ್ಜಿಯ ಹತ್ತಿರ ಹೊಸ ಪ್ಯಾಂಟು ಹೊಲಿಸಿಕೊಂಡ.

ಈಗ ಇಹಾಬ್ ವಿಮಾ ಕಚೇರಿಯಲ್ಲಿದ್ದಾನೆ, ಹಾಡು ಕೇಳಲು ಪುರುಸೊತ್ತಿಲ್ಲ. ಅಕ್ಕ ನಿವೃತ್ತಳು. ಅವಳ ಮನೆಯ ಒಂದು ಗೋಡೆ ಪೂರ್ತಿ ಕ್ಯಾಸೆಟ್ಟು, ಮತ್ತೊಂದರಲ್ಲಿ ದೊಡ್ಡ ಗ್ರಾಮಫೋನ್ ತಟ್ಟೆಗಳು. ಅಲೆಕ್ಸಾಂಡ್ರಿಯಾದಿಂದಲೂ ಹುಡುಗ ಹುಡುಗಿಯರು ಹುಡುಕಿಕೊಂಡು ಬರುತ್ತಾರೆ. ಅವಳು ಬಾಗಿಲ ಸರಪಳಿ ತೆಗೆಯದೆಯೇ, ನೀನು ಯಾರು, ಯಾರು ಕಳಿಸಿದರು, ಯಾವ ಯಾವ ಹಾಡು ಕೇಳಿದ್ದೀಯ ಎಂದು ಪೂರ್ತಿ ವಿಚಾರಿಸುತ್ತಾಳೆ. ಉತ್ತರ ಸರಿಯೆನಿಸಿದರೆ ಒಳಗೆ ಬಿಟ್ಟು, ಮೊದಲು ಕೈ ತೊಳೆಸುತ್ತಾಳೆ.