ಸದ್ದಿನ ಗೆರೆಗಳು

ಪ್ರಯೋಗಾಲಯದ ಮೇಜಿನ ಪುಟ್ಟ ದೂರದರ್ಶಕಕ್ಕೆ ಕಣ್ಣಿಟ್ಟ ಮಾದೇವಿಗೆ ಕಂಡದ್ದು ಮತ್ತೆ ಒಂದೇ ಹಳದಿ ಗೆರೆ.

"ಇನ್ನೂ ಒಂದ ಐತ್ರಿ, ಸರ್."

ನಿಯಾಜ ಮಾಸ್ತರರು ಹಣೆ ಒರೆಸಿಕೊಂಡರು. ಶಿಗ್ಗಾಂವಿಯ ಹೊಸ ಕಾಲೇಜಿಗೆ ಭೌತಶಾಸ್ತ್ರದ ಪದವಿ ತರಗತಿ ಕೊಡಬಹುದೇ ಎಂದು ನೋಡಲು ಧಾರವಾಡದಿಂದ ಸಮಿತಿ ಬಂದು ಕೂತಿತ್ತು. ಹಳೆಯ ರೇಡಿಯೋಗಳ ಸಾಮಾನು ಕೂಡಿಸಿ ಮಾಸ್ತರರು ಕಟ್ಟಿದ ಯಂತ್ರ, ಹರಳಿನ ಬಿಲ್ಲೆಯೊಂದನ್ನು ನಡುಗಿಸಿ, ಕಿವಿಗೆ ಕೇಳದ ಸದ್ದನ್ನು ಗಾಜಿನ ತೊಟ್ಟಿಯ ಸೀಮೆಎಣ್ಣೆಯೊಳಗೆ ಬಿಡಬೇಕು. ಅಡ್ಡ ಹಾಯುವ ಬೆಳಕು ಆ ಸದ್ದಿನ ಅಲೆಗಳಿಗೆ ಸಿಕ್ಕು ಹಲವು ಗೆರೆಯಾಗಿ ಒಡೆಯಬೇಕು. ಗೆರೆಗಳ ಅಂತರ ಅಳೆದರೆ ಎಣ್ಣೆಯಲ್ಲಿ ಸದ್ದಿನ ವೇಗ ಸಿಗುತ್ತದೆ. ಆದರೆ ಬೆಳಿಗ್ಗೆಯೇ ಬಿಲ್ಲೆ ಸೀಳಿಹೋಗಿ, ಬೇರೊಂದನ್ನು ಕೂರಿಸಿದ್ದರು.

ತರಗತಿ ಸಿಗದಿದ್ದರೆ ಅದೇ ಕಾಲೇಜಿನಲ್ಲಿ ಪಿಯುಸಿ ಮುಗಿಸಿದ ಮಾದೇವಿಯ ಓದು ಅಲ್ಲಿಗೇ ಮುಗಿದಂತೆ. ಶಿಗ್ಗಾಂವಿಯಲ್ಲಾದರೆ ಸೋದರತ್ತೆಯ ಮನೆಯಿತ್ತು. ಧಾರವಾಡದ ಹಾಸ್ಟೆಲಿಗೆ ಅಪ್ಪ ಗುದ್ಲೆಪ್ಪ ಸುತಾರಾಂ ಒಪ್ಪಿರಲಿಲ್ಲ. ಮಗಳನ್ನು ತಮ್ಮೂರು ತಿಳವಳ್ಳಿಗೆ ಕರೆದೊಯ್ಯಲು ಬಂದವನು ಬಾಗಿಲಲ್ಲೇ ನಿಂತಿದ್ದ.

"ಇರಲಿ ಬಿಡ್ರಿ, ಧಾರವಾಡದಾಗೂ ಒಮ್ಮೊಮ್ಮೆ ಇದು ಕೈಕೊಡತದ," ಎನ್ನುತ್ತ ಸಮಿತಿಯ ಹಿರಿಯರು ಎದ್ದರು.

"ಒಂದೀಟು ಕುಂದರ್ರಿ, ಸರ್!" ಮಾದೇವಿಯ ದನಿ ಅವಳಿಗೇ ಜೋರೆನಿಸಿತು. ಮಾಸ್ತರರತ್ತ ತಿರುಗಿದಳು. "ಹೊಸಾ ಬಿಲ್ಲಿ ಭಾಳ ತೆಳ್ಳಗೈತ್ರಿ, ಹಳೇದಕ್ಕಿಂತ ಲಗೂ ಲಗೂ ನಡಗತೈತಿ. ನಾವು ಯಂತ್ರದ ಮುಳ್ಳು ಹಳೇ ಬಿಲ್ಲಿ ಗುರುತಿನ ಸುತ್ತನ ತಿರಗಸಾಕತ್ತೇವಿ. ಇದಕ್ಕ ಇನ್ನೂ ಮ್ಯಾಲ ಹೋಗಬೇಕಲ್ರಿ?"

ನಿಯಾಜ ಮಾಸ್ತರರು ಹಣೆ ಬಡಿದುಕೊಂಡು ನಕ್ಕರು. "ಗಡಬಡಿಯೊಳಗ ನನಗ ಹೊಳೀಲೇ ಇಲ್ಲ ನೋಡು. ನೀನ ತಿರಗಸವಾ."

ಒಂದು ಕೈ ಗುಂಡಿಯ ಮೇಲೆ, ಒಂದು ಕಣ್ಣು ದೂರದರ್ಶಕದಲ್ಲಿ. ಮುಳ್ಳು ಹಳೆಯ ಗುರುತು ದಾಟಿತು. ಏನೂ ಇಲ್ಲ. ಇನ್ನಷ್ಟು ದಾಟಿತು. ಹಳದಿ ಗೆರೆಯ ಎರಡೂ ಮಗ್ಗುಲಲ್ಲಿ ಏನೋ ಮಿಣುಕಿತು. ಉಸಿರು ಬಿಗಿಹಿಡಿದು ಕೂದಲೆಳೆಯಷ್ಟು ತಿರುಗಿಸಿದಳು. ಒಂದು ಜೋಡಿ ಗೆರೆ ಚಂಗನೆ ನಿಂತಿತು. ಅದರಾಚೆ ಮತ್ತೊಂದು ಜೋಡಿ.

"ಬಂದ್ವು! ಸರ್, ಬಂದ್ವು!"

ಹಿರಿಯರು ತಾವೇ ಬಗ್ಗಿ ನೋಡಿದರು, ಅಳೆದರು, ಲೆಕ್ಕ ಹಾಕಿ, ಮಾದೇವಿ ಪಕ್ಕದಲ್ಲೇ ಕೂತು ಹಾಕಿದ ಲೆಕ್ಕದೊಂದಿಗೆ ತಾಳೆ ನೋಡಿದರು. "ಬರೋಬ್ಬರಿ ಅದ," ಎಂದು ಮಾಸ್ತರರ ಕೈ ಹಿಡಿದು ಕುಲುಕಿದರು. "ನಿಮಗ ಕ್ಲಾಸ್ ಕೊಡಲಿಲ್ಲಂದ್ರ ಇನ್ಯಾರಿಗೆ ಕೊಡೋಣ್ರಿ? ಜೂನಿಗೆ ಶುರು ಮಾಡ್ರಿ."

ಮಾದೇವಿ ಬಾಗಿಲಿಗೆ ಓಡಿದಳು. "ಅಪ್ಪಾ, ನೀನೂ ನೋಡ ಬಾ."

ಗುದ್ಲೆಪ್ಪ ಚಪ್ಪಲಿ ಕಳಚಿಟ್ಟು ಒಳಬಂದ. "ಏನವಾ ಇದು?"

"ಸದ್ದು."

"ಸದ್ದು ಕಣ್ಣಿಗೆ ಕಾಣತೈತೇನು?"

"ಕಾಣೂಹಂಗ ಮಾಡೇವಿ. ಬಗ್ಗು."

ಹೊರಗೆ ರಸ್ತೆಯಲ್ಲಿ, ಅವರು ಊರಿಗೆ ಹೋಗಬೇಕಿದ್ದ ಹಾನಗಲ್ಲಿನ ಬಸ್ಸು ಬಂದು ನಿಂತು ಎರಡು ಸಲ ಹಾರ್ನು ಹೊಡೆಯಿತು. ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಬಗ್ಗಿದ ಗುದ್ಲೆಪ್ಪ ಬಗ್ಗಿಯೇ ಇದ್ದ.