ಅರ್ಜಿ ಸಾಲಿನಲ್ಲಿ ಚಿಕ್ಕನಿಂಗಮ್ಮ

ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಡಾಕ್ಟರ್ ರುದ್ರಸ್ವಾಮಿಯವರ ಕ್ಲಿನಿಕ್ಕು ಇಪ್ಪತ್ತೆರಡು ವರ್ಷ ನಡೆಯಿತು. ಹನೂರಿನವರು, ಯಳಂದೂರಿನವರು, ಬಿಳಿಗಿರಿರಂಗನ ಬೆಟ್ಟದ ಪೋಡು, ಹಾಡಿಗಳಿಂದ ಇಳಿದು ಬಂದವರು, ಎಲ್ಲರೂ ಅಲ್ಲಿಗೇ ಬರುತ್ತಿದ್ದರು. ಊರಿನಲ್ಲಿ ಬೇರೆ ಡಾಕ್ಟರುಗಳಿಗೇನೂ ಬರವಿರಲಿಲ್ಲ. ಆದರೆ ರುದ್ರಸ್ವಾಮಿಯವರ ಕೈಗುಣ ಒಳ್ಳೆಯದು ಎಂದು ಜನ ತೀರ್ಮಾನ ಮಾಡಿಬಿಟ್ಟಿದ್ದರು. ಜನ ಒಮ್ಮೆ ಹಾಗೆ ತೀರ್ಮಾನ ಮಾಡಿದರೆ ದೇವರೇ ಇಳಿದು ಬಂದು ಹೇಳಿದರೂ ಬದಲಾಯಿಸುವುದಿಲ್ಲ.

ಡಾಕ್ಟರಿಗೆ ಕೈಗುಣದಲ್ಲಿ ನಂಬಿಕೆಯಿರಲಿಲ್ಲ, ತಮ್ಮ ಕಣ್ಣಿನ ಮೇಲೆ ಮಾತ್ರ ಇತ್ತು. ರೋಗಿ ಬಾಗಿಲಿನಿಂದ ಕುರ್ಚಿಗೆ ಬರುವಷ್ಟರಲ್ಲಿ ಅರ್ಧ ಕಾಯಿಲೆ ಅವರಿಗೆ ಗೊತ್ತಾಗುತ್ತಿತ್ತು. ಮಿಕ್ಕ ಅರ್ಧಕ್ಕೆ ನಾಡಿ ಹಿಡಿಯುತ್ತಿದ್ದರು. ಈ ವಿಷಯದಲ್ಲಿ ಅವರಿಗೆ ಸ್ವಲ್ಪ ಜಂಬವೂ ಇತ್ತು ಅನ್ನಿ.

ಸತ್ತೇಗಾಲದ ಚಿಕ್ಕನಿಂಗಮ್ಮ ಹದಿನಾಲ್ಕು ವರ್ಷದಿಂದ ಅವರ ರೋಗಿ. ಗದ್ದೆ ನಾಟಿಗೆ, ಕಬ್ಬಿನ ಕಳೆಗೆ ಕೂಲಿ ಹೋಗುವ ಹೆಂಗಸು. ಚಿಕ್ಕಂದಿನಲ್ಲಿ ಕೀಲುಜ್ವರ ಬಂದು ಹೃದಯದ ಕವಾಟ ಕೆಟ್ಟಿತ್ತು. ಇಪ್ಪತ್ತೊಂದು ದಿನಕ್ಕೊಮ್ಮೆ ಪೆನ್ಸಿಲಿನ್ ಸೂಜಿ ಬೀಳಬೇಕು. ಆ ದಿನ ಬೆಳಗಿನ ಬಸ್ಸಿಗೆ ಬಂದು, ಚಪ್ಪಲಿಯನ್ನು ಹೊಸಿಲಾಚೆ ಬಿಟ್ಟು, ಕುರ್ಚಿಯಲ್ಲಿ ಕೂತು, ಕೇಳುವ ಮೊದಲೇ ಎಡಗೈ ಮುಂದೆ ಚಾಚುತ್ತಿದ್ದಳು. ಮೊದಲು ಕೈ ಹಿಡಿದು ನೋಡಬೇಕು, ಆಮೇಲೆ ಸೂಜಿ. ಈ ಕ್ರಮ ತಪ್ಪಿದರೆ ಅವಳಿಗೆ ಆ ಸೂಜಿ ಹತ್ತುತ್ತಿರಲಿಲ್ಲ. ನಾಡಿಗೂ ಸೂಜಿಗೂ ಸಂಬಂಧವಿಲ್ಲವೆಂದು ಡಾಕ್ಟರು ಒಂದೆರಡು ಸಲ ಹೇಳಿ ನೋಡಿ ಸುಮ್ಮನಾಗಿದ್ದರು.

ಇಂಥ ಮನುಷ್ಯ ರಾಜಕೀಯಕ್ಕೆ ಯಾಕೆ ಹೋದ ಎಂದು ಕೇಳುವವರು ಈಗಲೂ ಇದ್ದಾರೆ. ಕಾರಣ ಇಷ್ಟೆ. ಮಾರ್ಟಳ್ಳಿಯಿಂದಲೂ ಆಚೆಯ ಒಂದು ಕಾಡೂರಿನಿಂದ ತುಂಬು ಬಸುರಿಯೊಬ್ಬಳನ್ನು ಗೂಡ್ಸ್ ಆಟೋದಲ್ಲಿ ಮಲಗಿಸಿಕೊಂಡು ಬಂದಿದ್ದರು. ಕ್ಲಿನಿಕ್ಕಿನ ಮುಂದೆ ಆಟೋ ನಿಲ್ಲುವಷ್ಟರಲ್ಲಿ ಜೀವ ಹೋಗಿತ್ತು. ಅವಳ ಅತ್ತೆ ಅಳಲಿಲ್ಲ. ರಸ್ತೆ ಒಂದು ನೆಟ್ಟಗಿದ್ದಿದ್ರೆ ನಿಮ್ಮ ಕೈಗೆ ಸಿಕ್ತಿದ್ಲು ಸಾ, ಎಂದಷ್ಟೇ ಹೇಳಿದಳು. ಆ ಮಾತು ಡಾಕ್ಟರನ್ನು ಹಿಡಿದುಕೊಂಡಿತು. ಕುರ್ಚಿಯಲ್ಲಿ ಕೂತು ಒಬ್ಬೊಬ್ಬರ ನಾಡಿ ಹಿಡಿಯುವುದರಿಂದ ಏನಾಗುತ್ತದೆ, ರಸ್ತೆ ಮಾಡಿಸುವ, ಆಸ್ಪತ್ರೆ ಕಟ್ಟಿಸುವ ಕಡೆ ಹೋಗಬೇಕು ಎಂದು ಅವರಿಗೆ ಅನ್ನಿಸಿತು. ಹನೂರು ಕ್ಷೇತ್ರದಿಂದ ನಿಂತರು.

ಚುನಾವಣೆಯಲ್ಲಿ ಅವರ ಪರವಾಗಿ ದುಡಿದವರು ಪಾರ್ಟಿಯವರಲ್ಲ, ರೋಗಿಗಳು. ಚಿಕ್ಕನಿಂಗಮ್ಮ ಏದುಸಿರು ಬಿಡುತ್ತಲೇ ಮನೆಮನೆ ತಿರುಗಿ, ನಮ್ ಡಾಕ್ಟ್ರಿಗೆ ಆಕಿ ಎಂದು ಓಟು ಕೇಳಿದಳು. ಬಿಸಿಲಲ್ಲಿ ಅಲೆಯಬೇಡವೆಂದು ಡಾಕ್ಟರು ಗದರಿದರೂ ಕೇಳಲಿಲ್ಲ. ನಾನು ಮೊದಲು ಡಾಕ್ಟರು, ಆಮೇಲೆ ಎಮ್ಮೆಲ್ಲೆ ಎಂದು ಅವರು ಪ್ರತಿ ಸಭೆಯಲ್ಲೂ ಹೇಳಿದರು. ಹೇಳುವಾಗ ಅದು ಸುಳ್ಳಾಗಿರಲಿಲ್ಲ.

ಗೆದ್ದ ಮೇಲೆ ಕ್ಲಿನಿಕ್ಕಿನ ಬೋರ್ಡು ಇಳಿಸಿ ಶಾಸಕರ ಕಚೇರಿಯ ಬೋರ್ಡು ಏರಿಸಿದರು. ಕಾಂಪೌಂಡರ್ ನಾಗರಾಜು ಪಿಎ ಆದ. ಪರೀಕ್ಷೆ ಮಾಡುವ ಮಂಚ ಹಿಂದಿನ ಕೋಣೆ ಸೇರಿತು, ಅದರ ಮೇಲೆ ಶಾಲು ಹಾರಗಳು ಬಿದ್ದವು. ವಾರಕ್ಕೆರಡು ದಿನವಾದರೂ ರೋಗಿಗಳನ್ನು ನೋಡಬೇಕೆಂಬ ಆಸೆ ಮೊದಲ ತಿಂಗಳಲ್ಲೇ ಬತ್ತಿತು. ಅಧಿವೇಶನ, ಗುದ್ದಲಿಪೂಜೆ, ಮದುವೆ, ಸಾವು, ಮತ್ತೆ ಗುದ್ದಲಿಪೂಜೆ. ಹಳೆಯ ರೋಗಿಗಳಿಗೆಲ್ಲ ಸರ್ಕಾರಿ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಚಿಕ್ಕನಿಂಗಮ್ಮನಿಗೂ ಕೊಟ್ಟರು. ಅವಳು ನಾಲ್ಕು ಸಲ ಹೋಗಿ ಸೂಜಿ ಹಾಕಿಸಿಕೊಂಡಳು. ಅಲ್ಲಿಯ ನರ್ಸಮ್ಮ ಒಳ್ಳೆಯವಳೇ. ಆದರೆ ಕೈ ಹಿಡಿದು ನೋಡುವುದು ಅಲ್ಲಿಯ ಪದ್ಧತಿಯಾಗಿರಲಿಲ್ಲ. ಐದನೆಯ ಸಲ ಅವಳು ಹೋಗಲಿಲ್ಲ. ಅದು ಡಾಕ್ಟರಿಗೆ ಗೊತ್ತಾಗಲಿಲ್ಲ, ಗೊತ್ತು ಮಾಡಿಕೊಳ್ಳುವ ಪುರುಸೊತ್ತೂ ಇರಲಿಲ್ಲ.

ಮಾರ್ಟಳ್ಳಿ ಆಚೆಯ ರಸ್ತೆಯ ಕಡತ ಅರಣ್ಯ ಇಲಾಖೆಗೆ ಹೋಗಿ ಕೂತಿತ್ತು. ಎದ್ದು ಬರುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ಒಂದೂವರೆ ವರ್ಷ ಹೀಗೆ ಕಳೆಯಿತು.

ಅದೊಂದು ಸೋಮವಾರ ಜನಸಂಪರ್ಕದ ದಿನ. ಕಚೇರಿಯ ಮುಂದೆ ನೂರಾರು ಜನ. ಹನ್ನೊಂದಕ್ಕೆ ಹನೂರಿನಲ್ಲಿ ಕಾರ್ಯಕ್ರಮವಿತ್ತು. ಡಾಕ್ಟರು ನಿಂತೇ ಅರ್ಜಿ ಈಸಿಕೊಂಡರು. ವಿಷಯ ಎಂಬ ಸಾಲಿನ ಮೇಲೆ ಕಣ್ಣಾಡಿಸುವುದು, ಯಾವ ಇಲಾಖೆ ಎಂದು ಮೂಲೆಯಲ್ಲಿ ಗೀಚುವುದು, ಸೂಕ್ತ ಕ್ರಮಕ್ಕಾಗಿ ಎಂದು ಬರೆದು ಸಹಿ ಹಾಕುವುದು. ಕೈ ತಾನೇ ಓಡುತ್ತಿತ್ತು. ಅಂದಿಗೆ ನೂರ ನಲವತ್ತು ಅರ್ಜಿ ಮುಗಿಸಿದರೆಂದು ನಾಗರಾಜು ಕಾರಿನಲ್ಲಿ ಹೆಮ್ಮೆಯಿಂದ ಹೇಳಿದ.

ಹತ್ತು ದಿನದ ಮೇಲೆ ತಾಲ್ಲೂಕಿನ ಆರೋಗ್ಯಾಧಿಕಾರಿ ಫೋನ್ ಮಾಡಿದರು. ಬಹಳ ವಿನಯದ ಮನುಷ್ಯ. ತಾವು ಕಳಿಸಿದ ಒಂದು ಅರ್ಜಿ ಈಗಷ್ಟೇ ಕೈಗೆ ಬಂತು, ಏನು ಕ್ರಮ ತಗೊಳ್ಳಬೇಕೋ ತಿಳಿಯುತ್ತಿಲ್ಲ ಎಂದರು. ಓದಿ ಎಂದರು ಡಾಕ್ಟರು. ಅವರು ಓದಿದರು. ಮಾನ್ಯರೇ, ನನಗೆ ಮಲಗಿದರೆ ಉಸಿರು ಕಟ್ಟುತ್ತಿದ್ದು, ಕಾಲುಗಳು ಬಾತುಕೊಂಡಿದ್ದು, ಆದ ಕಾರಣ ತಾವು ದಯಮಾಡಿ ಒಂದು ಸಲ ನನ್ನ ಕೈ ಹಿಡಿದು ನೋಡಬೇಕಾಗಿ ತಮ್ಮಲ್ಲಿ ಕೋರಿಕೆ. ಇಂತಿ, ಚಿಕ್ಕನಿಂಗಮ್ಮ, ಸತ್ತೇಗಾಲ.

ಡಾಕ್ಟರು ಫೋನಿಟ್ಟು ನಾಗರಾಜುವನ್ನು ಕರೆದರು. ಅವನು ತಡವರಿಸುತ್ತ ಒಂದೊಂದಾಗಿ ಹೇಳಿದ. ಆಯಮ್ಮ ಆ ಸೋಮವಾರಕ್ಕೂ ಹಿಂದಿನ ವಾರ ಬಂದಿದ್ದಳು. ಸಾಹೇಬರು ಈಗ ಅರ್ಜಿ ಇದ್ದವರನ್ನು ಮಾತ್ರ ನೋಡುತ್ತಾರೆ ಎಂದು ತಾನೇ ಹೇಳಿ ಕಳಿಸಿದ್ದ. ಎಲ್ಲರಿಗೂ ಹಾಗೇ ಹೇಳುವುದು. ಅವಳು ತಾಲ್ಲೂಕು ಕಚೇರಿಯ ಮುಂದೆ ಕೂರುವ ಬರಹಗಾರನ ಹತ್ತಿರ ಬರೆಸಿಕೊಂಡು ಬಂದಿರಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ನಾಗರಾಜುವನ್ನು ಬೈದು ಮುಗಿಸಬಹುದಿತ್ತು. ಆದರೆ ಇಲ್ಲಿ ದೇವರು ತಾನೇ ಸಹಿ ಹಾಕಿದ್ದ.

ಅಂದಿನ ಫೋಟೋಗಳು ನಾಗರಾಜುವಿನ ಮೊಬೈಲಿನಲ್ಲಿದ್ದವು. ಜನರ ನಡುವೆ ಜನನಾಯಕ ಎಂದು ಫೇಸ್‌ಬುಕ್ಕಿಗೆ ಹಾಕಲು ತೆಗೆದವು. ಏಳನೆಯದರಲ್ಲಿ ಅವಳಿದ್ದಳು. ಕತ್ತಿನ ನರ ಹಗ್ಗದಂತೆ ಎದ್ದು ನಿಂತಿತ್ತು. ತುಟಿ ನೀಲಿಗಟ್ಟಿತ್ತು. ಬರಿಗಾಲು ಊದಿ ಬೆರಳುಗಳ ಸಂದೇ ಕಾಣುತ್ತಿರಲಿಲ್ಲ, ಜನಜಂಗುಳಿಯಲ್ಲೂ ಚಪ್ಪಲಿ ಬಿಟ್ಟು ಬಂದಿದ್ದಳು. ಬಲಗೈಯಲ್ಲಿ ಅರ್ಜಿ ಹಿಡಿದಿದ್ದಳು, ಎಡಗೈಯನ್ನು ಡಾಕ್ಟರ ಮುಂದೆ ಚಾಚಿದ್ದಳು. ಡಾಕ್ಟರು ಅರ್ಜಿಯನ್ನು ಈಸಿಕೊಂಡು, ಅವಳ ಹಿಂದಿದ್ದ ಯಾರನ್ನೋ ನೋಡಿ ನಗುತ್ತಿದ್ದರು. ಮೊದಲ ವರ್ಷದ ವೈದ್ಯಕೀಯ ವಿದ್ಯಾರ್ಥಿಯೂ ಗುರುತಿಸುವಂಥ ರೋಗಿ. ಮೊಳದ ದೂರದಲ್ಲಿ ನಿಂತಿದ್ದಳು. ಡಾಕ್ಟರು ಆಗಲೇ ಸತ್ತೇಗಾಲಕ್ಕೆ ಕಾರು ತೆಗೆಸಿದರು.

ಕಾರು ಸತ್ತೇಗಾಲದ ಬೀದಿಗೆ ತಿರುಗಿದಾಗಲೇ ಮನೆಯ ಮುಂದಿನ ಚಪ್ಪರ ಕಂಡಿತು. ಸತ್ತು ಎರಡು ದಿನವಾಗಿತ್ತು.

ಮಗಳು ರಾಣಿ ಎದ್ದು ಚಾಪೆ ಹಾಸಿದಳು. ಪಿಯುಸಿ ಓದಿ ಗಾರ್ಮೆಂಟ್ಸಿಗೆ ಹೋಗುವ ಹುಡುಗಿ. ಬೈಯುತ್ತಾಳೆ ಎಂದುಕೊಂಡಿದ್ದರು, ಬೈದಿದ್ದರೆ ಒಳ್ಳೆಯದಿತ್ತು. ಅವಳು ಸಮಾಧಾನವಾಗಿ ಎಲ್ಲವನ್ನೂ ಹೇಳಿದಳು. ಸಹಿಯಾದ ಅರ್ಜಿಯ ಜೆರಾಕ್ಸನ್ನು ಅವ್ವ ದಿಂಬಿನ ಕೆಳಗೆ ಇಟ್ಟುಕೊಂಡಿದ್ದಳು. ಆಸ್ಪತ್ರೆಗೆ ಹೋಗೋಣವೆಂದು ದಿನಾ ಕರೆದರೂ ಏಳಲಿಲ್ಲ. ಡಾಕ್ಟರು ಬರೆದುಕೊಟ್ಟಿದ್ದಾರೆ, ಕ್ರಮ ಆಗುತ್ತದೆ, ಆಸ್ಪತ್ರೆಗೆ ಹೋದರೆ ಅವರು ಬಂದಾಗ ಮನೆಗೆ ಬೀಗ ಇರುತ್ತದೆ ಎಂದಳು. ಕೂತೇ ನಿದ್ದೆ ಮಾಡಿದಳು. ಎಂಟು ದಿನ ಕಾದಳು.

"ಕೊನೇ ದಿನಾನೂ ತಲೆ ಬಾಚ್ಕಂಡು ಕುಂತಿದ್ಳು ಸಾ," ಎಂದಳು ರಾಣಿ. "ಡಾಕ್ಟ್ರು ಬಂದ್ರೆ ಇಂಗೆ ಇರಬಾರ್ದು ಅಂತ."

ಆಮೇಲೆ ಅವಳು ಒಳಗಿನಿಂದ ಒಂದು ಫಾರಂ ತಂದಳು. ಮನೆಯಲ್ಲಿ ಸತ್ತದ್ದರಿಂದ ಮರಣಪತ್ರಕ್ಕೆ ಡಾಕ್ಟರ ಬರಹ ಬೇಕಂತೆ, ಪಂಚಾಯ್ತಿಯಲ್ಲಿ ಹೇಳಿದ್ದಾರೆ. ಅವ್ವನನ್ನು ನೋಡುತ್ತಿದ್ದ ಡಾಕ್ಟರು ತಾವೊಬ್ಬರೇ, ಬೇರೆ ಯಾರನ್ನು ಕೇಳಲಿ ಎಂದಳು.

ರುದ್ರಸ್ವಾಮಿಯವರು ಫಾರಮ್ಮನ್ನು ತೊಡೆಯ ಮೇಲಿಟ್ಟುಕೊಂಡರು. ಆಸ್ಪತ್ರೆಗೆ ಬರೆದ ಆ ಚೀಟಿಗಳನ್ನು ಬಿಟ್ಟರೆ, ಶಾಸಕರಾದ ಮೇಲೆ ಡಾಕ್ಟರಾಗಿ ಅವರು ಬರೆಯುತ್ತಿದ್ದ ಮೊದಲ ಕಾಗದ ಇದು. ಹೆಸರು ಬರೆದರು, ವಯಸ್ಸು ನಲವತ್ತೇಳು ಎಂದು ಕೇಳದೆಯೇ ಬರೆದರು. ಸಾವಿನ ಕಾರಣ, ಹೃದಯದ ಕವಾಟದ ಕಾಯಿಲೆಯಿಂದ ಹೃದಯ ವೈಫಲ್ಯ. ಮುಂದಿನ ಸಾಲಿಗೆ ಬಂದು ಪೆನ್ನು ನಿಂತಿತು. ರೋಗಿಯನ್ನು ವೈದ್ಯರು ಕೊನೆಯದಾಗಿ ಪರೀಕ್ಷಿಸಿದ ದಿನಾಂಕ. ಅವರು ಯೋಚಿಸಿ, ಚುನಾವಣೆಗೆ ಮುಂಚಿನ ಒಂದು ತಾರೀಕು ಬರೆದರು.

ಪಕ್ಕದಲ್ಲಿ ನಿಂತು ನೋಡುತ್ತಿದ್ದ ರಾಣಿ ಬಗ್ಗಿದಳು. "ಅದಲ್ಲ ಸಾ. ಓದ್ ವಾರ ಸೋಮ್ವಾರ ಬಂದಿದ್ವಲ್ಲ. ನಾನೇ ಕರ್ಕಂಡ್ ಬಂದಿದ್ದೆ. ಅವ್ವ ಕೈ ಕೊಟ್ಟಿದ್ಳು."

"ನಾನು ಹಿಡಿಯಲಿಲ್ಲ ಕಣವ್ವಾ," ಎಂದರು ಡಾಕ್ಟರು. ಹೇಳಿದ ಮೇಲೆ ಅವರಿಗೆ ಅವಳ ಮುಖ ನೋಡಲಾಗಲಿಲ್ಲ.

ಬಗ್ಗಿದ್ದ ರಾಣಿ ನೆಟ್ಟಗೆ ನಿಂತಳು. "ನಿಮ್ಮ ಮ್ಯಾಲೆ ನಂಗೇನ್ ಕ್ವಾಪ ಇಲ್ಲ ಸಾ," ಎಂದಳು. "ಮನೆಮನೆ ತಿರುಗಿ ಓಟ್ ಕೇಳಿದ್ಳು ಅವ್ವ. ನಮಗಿದ್ದ ಒಬ್ಬ ಡಾಕ್ಟ್ರನ್ನ ನಾವೇ ಕೈಯಾರೆ ಕಳ್ಕಂಡ್ವಿ."

ಅವರ ಬಾಯಲ್ಲಿ ಸಿದ್ಧವಾಗಿದ್ದ ಸಾಂತ್ವನದ ಮಾತು ನೂರಿದ್ದವು. ಒಂದೂವರೆ ವರ್ಷದಲ್ಲಿ ಎಷ್ಟೋ ಸಾವಿನ ಮನೆಗಳಲ್ಲಿ ಆಡಿದ್ದವು. ಅವುಗಳ ಬದಲು, ಶಾಸಕಗಿರಿ ಬಿಟ್ಟು ನಾಳೆಯೇ ಕ್ಲಿನಿಕ್ಕಿನ ಬಾಗಿಲು ತೆಗೆಯುತ್ತೇನೆ ಎನ್ನಬೇಕೆನ್ನಿಸಿತು, ತೆಗೆಯುವುದಿಲ್ಲವೆಂದು ಅವರಿಗೇ ಗೊತ್ತಿತ್ತು. ಫಾರಮ್ಮಿಗೆ ಸಹಿ ಹಾಕಿ ಕೊಟ್ಟು ಎದ್ದರು.

ಶಾಸಕರು ಬಂದಿದ್ದಾರೆಂದು ಸುದ್ದಿ ಹರಡಿ ಚಪ್ಪರದಾಚೆ ಆಗಲೇ ಹತ್ತಿಪ್ಪತ್ತು ಜನ ಸೇರಿದ್ದರು. ಸಾವಿನ ಮನೆಯೆಂದು ಒಳಗೆ ಬಂದಿರಲಿಲ್ಲ, ಮರ್ಯಾದಸ್ಥರು. ಡಾಕ್ಟರು ಹೊರಗೆ ಕಾಲಿಡುತ್ತಲೇ ಸಿದ್ದಮಲ್ಲಪ್ಪನೆಂಬ ಮುದುಕ ಕೆಮ್ಮುತ್ತ ಮುಂದೆ ಬಂದ. ಕೆಮ್ಮಿನ ಜೊತೆ ಒಂದು ಸಣ್ಣ ಸಿಳ್ಳೆಯಿತ್ತು, ಕೆನ್ನೆ ಒಳಗೆ ಹೋಗಿತ್ತು. ಡಾಕ್ಟರ ಕಣ್ಣು ಅದನ್ನು ಹಿಡಿಯಿತು. ಎಷ್ಟು ದಿನದಿಂದ ಈ ಕೆಮ್ಮು ಎಂದು ಕೇಳಿ ಅವನ ಕೈಯನ್ನು ಹಿಡಿದುಕೊಂಡರು.

ಮುದುಕನಿಗೆ ಮುಜುಗರವಾಯಿತು. ಮೆಲ್ಲಗೆ ಕೈ ಬಿಡಿಸಿಕೊಂಡು ಒಂದು ಅರ್ಜಿ ಮುಂದೆ ಚಾಚಿದ.

"ಅದಿರ್ಲಿ ಬುಡಿ ಸಾ," ಎಂದ. "ಇದ್ಕೊಂದು ಸೈನ್ ಆಕ್ಕೊಡಿ, ಬಸ್ಸು ಒಂಟೋಯ್ತದೆ."

ಹಿಂದಿನವರು ತಮ್ಮ ತಮ್ಮ ಕಾಗದ ಹಿಡಿದು ಸಾಲಾಗಿ ನಿಂತರು. ಹನೂರಿನವರು ಕಾಯುತ್ತಿದ್ದಾರೆ ಎಂದು ನಾಗರಾಜು ಕಿವಿಯಲ್ಲಿ ಹೇಳಿದ. ರುದ್ರಸ್ವಾಮಿಯವರು ಮುದುಕನ ಅರ್ಜಿಯನ್ನು ಕಾರಿನ ಬಾನೆಟ್ಟಿನ ಮೇಲೆ ಇಟ್ಟು, ಸೂಕ್ತ ಕ್ರಮಕ್ಕಾಗಿ ಎಂದು ಬರೆದರು.