ಸಣ್ಣ ಮುಖದ ಚೌಕಟ್ಟು

ನಾನು ಒಂದು ಬಾಗಿಲ ಚೌಕಟ್ಟು. ಮರದ್ದಲ್ಲ, ಕಬ್ಬಿಣದ ತಗಡಿನದು. ಒಳಗೆಲ್ಲ ಟೊಳ್ಳು. ಕೇಳಿ ಮೂಗು ಮುರಿಯಬೇಡಿ. ಗೋಡೆಯಲ್ಲಿ ನಿಲ್ಲಿಸಿ ಹೊಟ್ಟೆಗೆ ಗಾರೆ ತುಂಬಿದ ಮೇಲೆ ನಮ್ಮನ್ನು ಅಲುಗಾಡಿಸುವುದು ಅಷ್ಟು ಸುಲಭವಲ್ಲ.

ಹುಬ್ಬಳ್ಳಿಯ ಒಂದು ಕಾರ್ಖಾನೆಯಲ್ಲಿ ನಾನು ಹುಟ್ಟಿದೆ. ತಗಡನ್ನು ಯಂತ್ರಕ್ಕೆ ಕೊಟ್ಟು ಮಡಿಸಿ, ಎರಡು ಕಾಲು ಮಾಡಿ, ತಲೆಯ ಮೇಲೊಂದು ಅಡ್ಡಪಟ್ಟಿ ಕೂರಿಸಿ ಬೆಸೆದರು. ಗೋಡೆಯಲ್ಲಿ ನಿಂತಾಗ ಎದುರಿನಿಂದ ಕಾಣುವ ಪಟ್ಟಿಗೆ ನಮ್ಮಲ್ಲಿ ಮುಖ ಎನ್ನುತ್ತಾರೆ. ನನ್ನ ಜೊತೆಯವರಿಗೆಲ್ಲ ಎರಡು ಇಂಚಿನ ಅಗಲ ಮುಖ. ನನಗೆ ಮಾತ್ರ ಒಂದೇ ಇಂಚು. ಬೆಸುಗೆಯ ದಾವಲಸಾಬ್ ನನ್ನನ್ನು ನೋಡಿ, "ಇದಕ್ಕೇನಾತೋ, ಹುಟ್ಟಿದ ದಿನಾನ ಮುಖ ಸಣ್ಣದು ಮಾಡ್ಕೊಂಡು ನಿಂತೈತಿ" ಎಂದ. ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಮರುದಿನ ನನ್ನನ್ನು ನೋಡಲು ವಾಸಂತಿ ಬಂದಳು. ಊರ ನಡುವೆ ಏಳುತ್ತಿದ್ದ ಒಂದು ವಾಣಿಜ್ಯ ಕಟ್ಟಡದ ನಕ್ಷೆ ಬರೆದವಳು ಅವಳೇ. ನನ್ನ ಅಳತೆಯನ್ನು ಗೊತ್ತುಮಾಡಿದವಳೂ ಅವಳೇ. ಮುಖ ಸಣ್ಣದಾದರೆ ಬಲ ಕಡಿಮೆಯಾಗುತ್ತದೆಂದು ತಗಡು ದಪ್ಪನೆಯದಿರಬೇಕು, ಕದ ತಿರುಗುವ ಬಿಜಾಗರಿ ಕೂರುವಲ್ಲಿ ಹಿಂದಿನಿಂದ ಪಟ್ಟಿ ಕೊಡಬೇಕು ಎಂದು ಮೊದಲೇ ಹೇಳಿಕಳಿಸಿದ್ದಳಂತೆ. ಅದನ್ನೆಲ್ಲ ತಟ್ಟಿ ತಟ್ಟಿ ನೋಡಿದಳು.

"ಅಕ್ಕಾರ, ಎಲ್ಲಾ ಒಂದ ಅಳತಿ ಇಟ್ರ ನಮಗ ಸಲೀಸಾಗ್ತಿತ್ತು" ಎಂದ ದಾವಲಸಾಬ್.

"ಎಲ್ಲಾರೂ ಒಂದ ಅಳತಿಯೊಳಗ ಹಾದು ಹೋಗಂಗಿಲ್ಲಲ್ರಿ, ದಾವಲಸಾಬ್ರ" ಎಂದಳು ಅವಳು.

ಆ ಮಾತು ಅರ್ಥವಾದದ್ದು ಕಟ್ಟಡಕ್ಕೆ ಹೋದ ಮೇಲೆ. ಎರಡನೆಯ ಮಹಡಿಯಲ್ಲಿ ಒಂದು ಕಂಬಕ್ಕೂ ಗೋಡೆಗೂ ನಡುವೆ ನನ್ನ ಜಾಗ. ಕಂಬವನ್ನು ಸರಿಸುವಂತಿಲ್ಲ, ಗೋಡೆಯನ್ನು ಒಡೆಯುವಂತಿಲ್ಲ. ಅಲ್ಲಿ ಅಗಲ ಮುಖದ ಚೌಕಟ್ಟು ನಿಲ್ಲಿಸಿದ್ದರೆ ಎರಡು ಕಡೆಯಿಂದ ಒಂದೊಂದು ಇಂಚು ದಾರಿ ತಿನ್ನುತ್ತಿತ್ತು, ಗಾಲಿಕುರ್ಚಿ ನಡುವೆ ಸಿಕ್ಕಿಹಾಕಿಕೊಳ್ಳುತ್ತಿತ್ತು. ನನ್ನ ಮುಖ ಸಣ್ಣದಾದಷ್ಟೂ ದಾರಿ ದೊಡ್ಡದಾಗಿತ್ತು. ಅಂದಿನಿಂದ ನನ್ನ ಮುಖದ ಬಗ್ಗೆ ನನಗೆ ಬೇಸರವಿಲ್ಲ.

ಗಾಲಿಕುರ್ಚಿ ಪ್ರಭಾವತಿಯದು. ಎಲ್ಲರ ಬಾಯಲ್ಲೂ ಅವಳು ಪ್ರಭಕ್ಕ. ಚಿಕ್ಕಂದಿನಲ್ಲೇ ಪೋಲಿಯೋ ಬಂದು ಕಾಲು ಹೋಗಿದ್ದವು. ಕನ್ನಡಕದ ಗಾಜು ತಿಕ್ಕುವುದರಲ್ಲಿ ಅವಳ ಕೈ ಬಲು ನಯ. ಮೊದಲು ಸೋದರಮಾವನ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಅಲ್ಲಿ ಮೆಟ್ಟಿಲು. ಬೆಳಿಗ್ಗೆ ಇಬ್ಬರು ಎತ್ತಿ ಒಳಗಿಡುವುದು, ಸಂಜೆ ಇಬ್ಬರು ಎತ್ತಿ ಹೊರಗಿಡುವುದು. ಯಾರೂ ಬೇಸರಪಟ್ಟವರಲ್ಲ. ಆದರೆ ದಿನವೂ ಮೂಟೆಯಾಗುವುದು ಅವಳಿಗೆ ಸಾಕಾಗಿತ್ತು. ತನ್ನ ಅಂಗಡಿಯೊಳಗೆ ತಾನಾಗಿಯೇ ಹೋಗಬೇಕು, ಅವಳಿಗೆ ಬೇಕಾದದ್ದು ಅದೊಂದೇ.

ನನ್ನ ಹಿಂದಿನ ಕೋಣೆಯಲ್ಲಿ ಅವಳು ಅಂಗಡಿ ತೆರೆಯುವ ದಿನ ಎಲ್ಲವೂ ಕೆಡುವುದರಲ್ಲಿತ್ತು. ನಮಗೆ, ಕಚೇರಿ ಅಂಗಡಿಗಳ ಚೌಕಟ್ಟುಗಳಿಗೆ, ಮೂರೇ ಬದಿ. ಕೆಳಗಿನ ನಾಲ್ಕನೆಯದು, ಹೊಸ್ತಿಲು, ಇರುವುದಿಲ್ಲ. ಕಟ್ಟಡದ ಗೋಡೆ ಕಟ್ಟಿದ ಗೌಂಡಿ ಯಮನಪ್ಪನಿಗೆ ಇದು ನೋಡಲಾಗಲಿಲ್ಲ. ಹೆಣ್ಣುಮಗಳು ಹೊಸದಾಗಿ ಅಂಗಡಿ ಇಡುತ್ತಿದ್ದಾಳೆ, ಹೊಸ್ತಿಲಿಲ್ಲದಿದ್ದರೆ ಹೇಗೆ ಎಂದು ಹಿಂದಿನ ದಿನ ಯಾರನ್ನೂ ಕೇಳದೆ ತನ್ನ ಕೈಯಾರೆ ಕರಿಕಲ್ಲಿನ ಹೊಸ್ತಿಲು ಕೂರಿಸಿಬಿಟ್ಟ. ಅರಿಸಿನ ಬಳಿದು, ಕುಂಕುಮ ಇಟ್ಟು, ಹೂವನ್ನೂ ಇಟ್ಟ. ನಿಜ ಹೇಳಬೇಕೆಂದರೆ, ನನಗೂ ಖುಷಿಯಾಗಿತ್ತು. ಮನೆ ಬಾಗಿಲಿನ ಹಾಗೆ ನನಗೂ ಪೂಜೆಯಾಯಿತಲ್ಲ ಎಂದು ಉಬ್ಬಿಹೋದೆ.

ಪ್ರಭಕ್ಕ ಲಿಫ್ಟಿನಲ್ಲಿ ಮೇಲೆ ಬಂದಳು. ಗಾಲಿ ಕಲ್ಲಿಗೆ ಬಡಿದು ನಿಂತಿತು. ಅವಳು ಇನ್ನೊಮ್ಮೆ ದೂಡಿದಳು. ಅದು ಮತ್ತೆ ಬಡಿದು ನಿಂತಿತು.

"ಇಷ್ಟಕ್ಯಾಕ ಚಿಂತಿ, ಎತ್ತಿ ಒಳಗ ಬಿಡ್ತೀವಿ" ಎಂದು ಸೋದರಮಾವ ಮುಂದೆ ಬಂದ.

"ಬ್ಯಾಡ ಮಾಮಾ. ಇವತ್ತ ಎತ್ತಿದ್ರ ದಿನಾ ಎತ್ತಬೇಕಾಗ್ತೈತಿ."

ಯಮನಪ್ಪ ಕೈ ಹಿಸುಕಿಕೊಳ್ಳುತ್ತ ನಿಂತಿದ್ದ. "ಹೊಸ್ತಲಿಲ್ಲದ ಬಾಗಲಕ್ಕ ಲಕ್ಷ್ಮಿ ಹೆಂಗ ಬರ್ತಾಳವಾ?" ಎಂದ.

"ಲಕ್ಷ್ಮಿ ಬರ್ಲಿ ಯಮನಪ್ಪಣ್ಣ. ನಾ ಹೆಂಗ ಬರ್ಲಿ, ಅದನ್ನ ಹೇಳು."

ಪೂಜೆಯಾದ ಹೊಸ್ತಿಲನ್ನು ಅಂಗಡಿ ತೆರೆಯುವ ದಿನವೇ ಒಡೆಯುವುದೇ ಎಂದು ಬಂದವರು ಗುಸುಗುಸು ಎಂದರು. ಸ್ವಲ್ಪ ಹೊತ್ತಿಗೆ ಯಮನಪ್ಪ ಬಗ್ಗಿ ಕಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಆಮೇಲೆ ಉಳಿ ಸುತ್ತಿಗೆ ತೆಗೆದುಕೊಂಡು ತಾನು ಕೂರಿಸಿದ್ದನ್ನು ತಾನೇ ಕಿತ್ತ. ನೆಲ ಸಮ ಮಾಡಿ ಪಕ್ಕಕ್ಕೆ ಸರಿದ. ಅವನ ಕಣ್ಣು ತುಂಬಿತ್ತು. ಪ್ರಭಕ್ಕ ಅವನಿಂದ ರಂಗೋಲಿ ಪುಡಿ ಕೇಳಿ ಪಡೆದು, ಕುರ್ಚಿಯಿಂದಲೇ ಬಾಗಿ, ನನ್ನ ಒಂದು ಕಾಲಿನಿಂದ ಇನ್ನೊಂದು ಕಾಲಿನವರೆಗೆ ಗೆರೆ ಎಳೆದಳು. "ಇದ ನನ್ನ ಹೊಸ್ತಲ" ಎಂದಳು. ಆಮೇಲೆ ನನ್ನ ಎರಡು ಅಂಚನ್ನೂ ಬಿಗಿಯಾಗಿ ಹಿಡಿದು ತನ್ನನ್ನು ತಾನೇ ಒಳಕ್ಕೆ ಎಳೆದುಕೊಂಡಳು.

ಆ ಹಿಡಿತವನ್ನು ಹೇಗೆ ಹೇಳಲಿ? ಅಗಲ ಮುಖದ ಚೌಕಟ್ಟು ಅವಳ ಸಣ್ಣ ಕೈಗೆ ಸಿಕ್ಕುತ್ತಿರಲಿಲ್ಲ. ನಾನು ಸರಿಯಾಗಿ ಸಿಕ್ಕಿದೆ. ದಿನವೂ ಬೆಳಿಗ್ಗೆ ಗೆರೆ ಎಳೆಯುವಳು, ನನ್ನನ್ನು ಹಿಡಿಯುವಳು, ಒಳಗೆ ಬರುವಳು. ಅವಳು ಹಿಡಿಯುವಲ್ಲಿ ನನ್ನ ಬೂದು ಬಣ್ಣ ಸವೆದು ತಗಡು ಹೊಳೆಯತೊಡಗಿತು. ಬಾಗಿಲು ಎಂದರೆ ಜನ ಕದವನ್ನು ನೋಡುತ್ತಾರೆ, ಬೀಗವನ್ನು ನೋಡುತ್ತಾರೆ, ಚೌಕಟ್ಟನ್ನು ಯಾರೂ ನೋಡುವುದಿಲ್ಲ. ಅವಳು ಮಾತ್ರ ನನ್ನ ಕೈ ಹಿಡಿದು ಬರುತ್ತಿದ್ದಳು.

ವರ್ಷಗಳು ಹೀಗೇ ಹೋದವು. ಆಮೇಲೆ ಕಟ್ಟಡದ ಲಿಫ್ಟ್ ಕೆಟ್ಟಿತು. ಇಂದು ನಾಳೆ ಎನ್ನುತ್ತ ಮಾಲೀಕ ಅದನ್ನು ರಿಪೇರಿ ಮಾಡಿಸಲೇ ಇಲ್ಲ. ಪ್ರಭಕ್ಕ ಕೆಳಗೆ ಬಂದು ಕೂಗಿ ಕೇಳುವುದು ಮೆಟ್ಟಿಲ ದಾರಿಯಲ್ಲಿ ನನ್ನವರೆಗೂ ಬರುತ್ತಿತ್ತು. "ಇವತ್ತರ ಚಾಲೂ ಆತೇನ್ರಿ?" ಎಂದು ಕೇಳುವಳು, ಕಾವಲುಗಾರ ಇಲ್ಲವೆನ್ನುವನು, ಆಟೋ ತಿರುಗಿ ಹೋಗುವ ಸದ್ದು ಕೇಳಿಸುವುದು. ನಾನೇ ಕೆಳಗಿಳಿದು ಹೋಗೋಣವೆಂದರೆ ಹೊಟ್ಟೆ ತುಂಬ ಗಾರೆ. ಕೊನೆಗೊಂದು ದಿನ ಕೆಲಸದವರು ಬಂದು ಗಾಜು ತಿಕ್ಕುವ ಯಂತ್ರವನ್ನು ಕೆಳಗಿಳಿಸಿದರು. ಅವಳು ಬೇರೆ ಕಡೆ ನೆಲಮಹಡಿಯಲ್ಲಿ ಅಂಗಡಿ ಹಿಡಿದಿದ್ದಳು. ಹೋಗುವಾಗ ಮೇಲೆ ಬಂದು ನನ್ನನ್ನು ಮುಟ್ಟುವುದೂ ಅವಳಿಂದ ಆಗಲಿಲ್ಲ.

ಆಮೇಲೆ ಟ್ಯೂಷನ್ನಿನವರು ಬಂದರು, ಕೊರಿಯರಿನವರು ಬಂದರು. ಒಬ್ಬರು ಕದವನ್ನು ಕಾಲಿನಿಂದ ಒದ್ದು ತೆರೆದರು, ಇನ್ನೊಬ್ಬರು ಪೆಟ್ಟಿಗೆ ತಂದು ನನಗೆ ಗುದ್ದಿದರು. ನೆಲ ಒರೆಸುವ ನೀರು ನಿಂತು ಕಾಲಿಗೆ ತುಕ್ಕು ಹತ್ತಿತು. ಪ್ರತಿ ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಗಾಲಿಯ ಸದ್ದಿಗೆ ಕಾಯುವುದು ಮಾತ್ರ ನನ್ನಿಂದ ಬಿಡಲಾಗಲಿಲ್ಲ. ಅವಳು ನೆನಪಾಗುತ್ತಿದ್ದಳು ಎಂದರೆ ಸುಳ್ಳಾಗುತ್ತದೆ. ಮರೆತಿದ್ದರಲ್ಲವೇ ನೆನಪಾಗುವುದು.

ಕಟ್ಟಡ ಕೈ ಬದಲಾಯಿತು. ಹೊಸ ಮಾಲೀಕನಿಗೆ ಎಲ್ಲ ಕಡೆ ಗಾಜಿನ ಬಾಗಿಲು ಬೇಕಿತ್ತು. ಅಗೆದು ತೆಗೆಯುವ ತಾಳ್ಮೆ ಯಾರಿಗೂ ಇರಲಿಲ್ಲ. ಕಾಲುಗಳನ್ನು ನೆಲಕ್ಕಿಂತ ಒಂದು ಗೇಣು ಮೇಲೆ ಯಂತ್ರದಿಂದ ಕತ್ತರಿಸಿ ನನ್ನನ್ನು ಕಿತ್ತು ಗುಜರಿಗೆ ಹಾಕಿದರು. ಈಗ ಕಿಟಕಿ ಸರಳು, ತುಕ್ಕು ಹಿಡಿದ ಕಪಾಟುಗಳ ನಡುವೆ ಒರಗಿದ್ದೇನೆ.

ಮೊನ್ನೆ ಒಬ್ಬ ಮೇಸ್ತ್ರಿ ಬಂದು ಚೌಕಟ್ಟುಗಳನ್ನು ಒಂದೊಂದಾಗಿ ಸರಿಸಿ ನೋಡಿದ. ನನ್ನ ಹತ್ತಿರ ನಿಂತು, ಟೇಪು ಹಿಡಿದು, ಫೋನು ಮಾಡಿ, ಸ್ಪೀಕರ್ ಹಾಕಿ ಅದನ್ನು ಕಪಾಟಿನ ಮೇಲಿಟ್ಟ.

"ಪ್ರಭಕ್ಕಾರ, ಸಣ್ಣ ಮುಖದ್ದು ಒಂದು ಸಿಕ್ಕೈತ್ರಿ. ನಿಮ್ಮ ಅಂಗಡಿ ಬಾಗಲಕ್ಕ ಅಗಲ ಬರೋಬ್ಬರಿ ಕೂಡ್ತೈತಿ, ಕುರ್ಚಿ ಹಾಯ್ತೈತಿ. ಆದ್ರ ಕಾಲು ಕತ್ತರಿಸ್ಯಾರ, ಎತ್ತರ ಸಾಲಂಗಿಲ್ಲ. ತುಂಡು ಹಚ್ಚೂಣಂದ್ರ ತುಕ್ಕು ತಿಂದು ತಗಡು ಕಾಗದ ಆಗೇತಿ, ಬೆಸುಗಿ ನಿಲ್ಲಂಗಿಲ್ಲ. ಬಂದ ಗಿರಾಕಿ ತಲಿ ಬಡಿಸ್ಕೊಂತಾರ."

"ಹೊಸಾದು ಮಾಡಿ ಕೊಡಂಗಿಲ್ಲಂತೇನು?" ಅದೇ ದನಿ. ಸ್ವಲ್ಪ ಮುದಿಯಾಗಿತ್ತು.

"ಒಂದ ಒಂದು ಮಾಡಂಗಿಲ್ಲ ಅಂತಾರ್ರಿ ಕಾರ್ಖಾನಿಯವ್ರು."

"ಹಂಗಾರ ಬ್ಯಾಡ ಬಿಡು, ಗಿರಾಕಿಗೆ ತ್ರಾಸ ಆಗಬಾರ್ದು. ಕುರ್ಚಿ ಹೊರಗ ಬಿಟ್ಟು, ಬಾಜೂಕಿನವ್ರು ದಿನಾ ಎತ್ತಿ ಒಳಗ ಕೂಡಸ್ತಾರ. ನಡದೈತಿ."

ಮೇಸ್ತ್ರಿ ಟೇಪು ಸುತ್ತಿಕೊಂಡು ಹೊರಟ. ಅವನ ಬೆನ್ನಿಗೆ ಕೂಗಿ ಹೇಳಬೇಕೆನಿಸಿತು, ನನಗೆ ಬಾಯಿಲ್ಲ. ಕುಳಿತೇ ಬರುವವಳಿಗೆ ಎತ್ತರ ಯಾಕಪ್ಪಾ ಬೇಕು? ನಿಂತು ಬರುವವರು ಅವಳ ಸಲುವಾಗಿ ಒಂದು ಗೇಣು ಬಗ್ಗಿದರೆ ಆಗುವುದಿಲ್ಲವೇ?